ಫಿಕ್ಸೆಡ್ ಅಂದ್ರೆ ಎಷ್ಟು ವರ್ಷ ಫಿಕ್ಸೆಡ್? ಮೊದಲು ಅದನ್ನ ಕೇಳಿ

ಮೊದಲ ಮನೆ, 25 ಲಕ್ಷ ಸಾಲ, 20 ವರ್ಷ. ಫಿಕ್ಸೆಡ್ (ಸ್ಥಿರ ಬಡ್ಡಿ) ಆದ್ರೆ ಶೇ 9.5, ಫ್ಲೋಟಿಂಗ್ (ಏರಿಳಿಯೋ ಬಡ್ಡಿ) ಆದ್ರೆ ಶೇ 8. ಬಡ್ಡಿ ಏರಿದರೆ ಗತಿಯೇನು ಅನ್ನೋ ಭಯಕ್ಕೆ ಫಿಕ್ಸೆಡ್ ಕಡೆ ಮನಸ್ಸು ವಾಲಿದೆ ಅಂತ ಬರೆದಿದ್ದೀರಿ. ನೀವು ಚಿಕ್ಕಮಗಳೂರು, ನಾನು ಹಾಸನ. ಆದರೆ ನಿಮ್ಮ ಪ್ರಶ್ನೆ ಓದ್ತಾ ಓದ್ತಾ 2014ರ ನಾನೇ ಎದುರಿಗೆ ಕೂತಂಗಾಯ್ತು.

ಆಗ ಸಾಲಗಾಮೆ ರಸ್ತೆ ಕಡೆ 30×40 ಸೈಟಿನಲ್ಲಿ ಒಂದು ಮನೆ ನೋಡಿದ್ವಿ. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯೋನು, ಹೆಂಡತಿ ಸರ್ಕಾರಿ ಶಾಲೆಯಲ್ಲಿ ಮೇಡಂ. ಇಬ್ಬರ ಹೆಸರಲ್ಲೂ ಸೇರಿ 20 ವರ್ಷಕ್ಕೆ 18 ಲಕ್ಷ ಸಾಲ ಬೇಕಿತ್ತು. ಮೇ ಕೊನೆಯಲ್ಲಿ ವ್ಯವಹಾರ ಕುದುರಿತು. ಜೂನ್ ಕೊನೆಗೆ ಆಷಾಢ ಶುರು. "ಆಷಾಢದಲ್ಲಿ ರಿಜಿಸ್ಟ್ರು ಮಾಡಿಸಿದ್ರೆ ನಾನು ಆ ಮನೆ ಹೊಸಿಲು ತುಳಿಯಲ್ಲ" ಅಂತ ನಮ್ಮಮ್ಮ ಒಂದೇ ಮಾತಲ್ಲಿ ಹೇಳಿಬಿಟ್ರು. ಬ್ಯಾಂಕಿನವರು ಲೀಗಲ್ ಒಪೀನಿಯನ್ನು, ಇ.ಸಿ. (ಋಣಭಾರ ಪತ್ರ), ಖಾತೆ ನಕಲು ಅಂತ ದಿನಕ್ಕೊಂದು ಕಾಗದ ಕೇಳ್ತಿದ್ರು. ಅದೇ ಹೊತ್ತಿಗೆ ಒಂದು ಗೃಹಸಾಲ ಸಂಸ್ಥೆಯ ಹುಡುಗ ಬೈಕಲ್ಲಿ ಸೀದಾ ಅಂಗಡಿಗೇ ಬಂದ. ಹತ್ತು ದಿನದಲ್ಲಿ ಚೆಕ್ ಕೈಗೆ ಅಂದ.

ನನಗೂ ನಿಮ್ಮ ಹಾಗೇ ಏರಿಕೆಯ ಭಯ. ಸುಮ್ಮನೆ ಬಂದ ಭಯವೂ ಅಲ್ಲ ಅದು. 2010ರ ಮಾರ್ಚಿನಿಂದ 2011ರ ಅಕ್ಟೋಬರ್ ಒಳಗೆ ಆರ್‌ಬಿಐ 13 ಸಲ ದರ ಏರಿಸಿತ್ತು. ನಮ್ಮ ಭಾವಮೈದ ಆಗ ಸಾಲ ಮಾಡಿ ಕೂತಿದ್ದ, ಮನೆಗೆ ಬಂದಾಗಲೆಲ್ಲ ಅದೇ ಗೋಳು. ಹಾಗಾಗಿ ಹುಡುಗನನ್ನ ಕೇಳಿದ್ದು ಒಂದೇ ಪ್ರಶ್ನೆ, "ಫಿಕ್ಸೆಡ್ ತಾನೇ?" ಅವನು "ಫಿಕ್ಸೆಡ್ಡೇ ಸಾರ್" ಅಂದ. ಬ್ಯಾಂಕಲ್ಲಿ ಫ್ಲೋಟಿಂಗ್ ಶೇ 10ರ ಮೇಲೆ ಚೂರು ಇದ್ದಾಗ ಇವರದ್ದು ಶೇ 10.75. ಹೆಚ್ಚಿನದು ನೆಮ್ಮದಿಗೆ ಕೊಟ್ಟ ಬೆಲೆ ಅಂದ್ಕೊಂಡೆ.

ಕಾಗದಕ್ಕೆ ಸಹಿ ಹಾಕಿದ್ದು ಅಂಗಡಿ ಗಲ್ಲಾದ ಪಕ್ಕ. ಒಂದು ಕಡೆ ತಕ್ಕಡಿಯಲ್ಲಿ ಎರಡೂವರೆ ಇಂಚಿನ ಮೊಳೆ ತೂಗ್ತಾ ಇದ್ರು, ಇನ್ನೊಂದು ಕಡೆ ಹುಡುಗ ಸಹಿ ಹಾಕೋ ಜಾಗಕ್ಕೆಲ್ಲ ಮೊದಲೇ ಪೆನ್ಸಿಲ್ಲಲ್ಲಿ ಇಂಟು ಗುರುತು ಹಾಕ್ಕೊಂಡು ಬಂದಿದ್ದ ಕಟ್ಟಿನ ಹಾಳೆ ತಿರುವ್ತಾ ಇದ್ದ. ಮೂವತ್ತಕ್ಕೂ ಹೆಚ್ಚು ಪುಟ, ಎಲ್ಲ ಇಂಗ್ಲಿಷು. ಇಂಟು ಕಂಡಲ್ಲೆಲ್ಲ ಸಹಿ ಹಾಕಿದೆ. ಗಿರಾಕಿ ಬಿಲ್ಲಲ್ಲಿ ಒಂದು ಚೀಲ ಸಿಮೆಂಟು ಹೆಚ್ಚುಕಮ್ಮಿ ಆದ್ರೆ ಹಿಡಿಯೋ ನಾನು, 18 ಲಕ್ಷದ ಕಾಗದದಲ್ಲಿ ಓದಿದ್ದು ಮೊದಲ ಪುಟದ ಎರಡು ಸಾಲು. ಬಡ್ಡಿ ಸ್ಥಿರ, ಶೇ 10.75. ಕಂತು 18,274.

19ನೇ ಪುಟದಲ್ಲಿ ಇನ್ನೊಂದು ಸಾಲಿತ್ತು. ಈ ಸ್ಥಿರ ದರ ಮೊದಲ 36 ತಿಂಗಳಿಗೆ ಮಾತ್ರ, ಆಮೇಲೆ ಸಂಸ್ಥೆಯ ಸ್ವಂತ ದರಕ್ಕೆ ತಕ್ಕಂತೆ ಬದಲಾಗುತ್ತೆ ಅಂತ. ಹುಡುಗ ಸುಳ್ಳು ಹೇಳಿರಲಿಲ್ಲ. ಎಷ್ಟು ದಿನ ಫಿಕ್ಸೆಡ್ ಅಂತ ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಇಷ್ಟೇ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಜನ ಬೀಳೋದು ಮುಂದಿನ ಗುಂಡಿಗೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

2017ರ ಜೂನಿಗೆ 36 ಕಂತು ಮುಗೀತು. ಕಟ್ಟಿದ್ದು ಆರೂವರೆ ಲಕ್ಷದ ಮೇಲೆ, ಅಸಲು ಇಳಿದಿದ್ದು ಬರೀ 91 ಸಾವಿರ. ಬಾಕಿ 17.09 ಲಕ್ಷ. ಜುಲೈನಿಂದ ದರ ಶೇ 11.35 ಆಯ್ತು. ನನಗೆ ಗೊತ್ತೇ ಆಗಲಿಲ್ಲ. ಯಾಕೆ ಹೇಳಿ? ಕಂತು ಅದೇ 18,274! ಪ್ರತಿ ತಿಂಗಳು 5ನೇ ತಾರೀಕು ಅಷ್ಟೇ ದುಡ್ಡು ಕಡಿತ ಆದ ಎಸ್ಸೆಮ್ಮೆಸ್ಸು ಬರ್ತಿತ್ತು. ಕಂತು ಬದಲಾಗಿಲ್ಲ, ಅಂದ್ಮೇಲೆ ಬಡ್ಡಿಯೂ ಬದಲಾಗಿಲ್ಲ ಅಂತ ಆರಾಮಾಗಿದ್ದೆ. ಒಳಗೆ ಆಗಿದ್ದೇ ಬೇರೆ. ಹಳೇ ದರದಲ್ಲಿ ಆ ತಿಂಗಳ ಬಡ್ಡಿ 15,311 ಹೋಗಿ ಅಸಲಿಗೆ 2,963 ಸೇರ್ತಿತ್ತು. ಹೊಸ ದರದಲ್ಲಿ ಬಡ್ಡಿಗೇ 16,165, ಅಸಲಿಗೆ 2,109. ಕಂತನ್ನ ಮುಟ್ಟದೆ ಅವಧಿಯನ್ನ ಎಳೆದುಬಿಟ್ಟಿದ್ರು. 204 ಕಂತು ಉಳಿಯಬೇಕಾದ ಕಡೆ 230.

ಗೊತ್ತಾಗಿದ್ದು 2018ರ ಫೆಬ್ರವರಿಯಲ್ಲಿ, ಅದೂ ನನಗಲ್ಲ. ಹೆಂಡತಿ ಶಾಲೆಯವರಿಗೆ ಆದಾಯ ತೆರಿಗೆ ಲೆಕ್ಕ ಕೊಡಬೇಕಿತ್ತು, ಬಡ್ಡಿ ಪ್ರಮಾಣಪತ್ರದ ಜೊತೆ ಸ್ಟೇಟ್‌ಮೆಂಟೂ ತಂದಿದ್ಳು. ರಾತ್ರಿ ಊಟ ಆದ್ಮೇಲೆ, "ಏನ್ರೀ ಇದು, ಇನ್ನೂ 222 ಕಂತು ಅಂತಿದೆಯಲ್ಲ? 196 ಇರಬೇಕಿತ್ತಲ್ವಾ?" ಅಂದ್ಳು. ಪ್ರಿಂಟಿಂಗ್ ತಪ್ಪಿರಬೇಕು ಅಂದೆ. ಅವಳು ಬಿಡಲಿಲ್ಲ, ಬೀರು ಮೇಲಿನ ಫೈಲ್ ಇಳಿಸಿ ಡಿಕ್ಷನರಿ ಇಟ್ಕೊಂಡು ಒಂದೊಂದೇ ಪುಟ ಓದಿದ್ಳು. ಹನ್ನೊಂದೂವರೆಗೆ 19ನೇ ಪುಟ ಸಿಕ್ತು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಅವಳ ಸಹಿ, ಎರಡರ ಮುಂದೆಯೂ ಇನ್ನೂ ಅಳಿಸಿರದ ಪೆನ್ಸಿಲ್ ಇಂಟು. 26 ಕಂತು ಅಂದ್ರೆ 4,75,124 ರೂಪಾಯಿ. ಅವತ್ತು ರಾತ್ರಿ ನಾನು ಆ ಗುಣಾಕಾರವನ್ನ ಎಷ್ಟು ಸಲ ಮಾಡಿದ್ನೋ!

ಇನ್ನೊಂದು ಹೊಟ್ಟೆ ಉರಿ ಕೇಳಿ. ನಾನು ಏರಿಕೆಗೆ ಹೆದರಿ ಬೀಗ ಹಾಕಿದಾಗ ರೆಪೊ ದರ, ಅಂದ್ರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ದರ, ಶೇ 8 ಇತ್ತು. 2015ರ ಜನವರಿಯಿಂದ ಇಳಿಯೋಕೆ ಶುರುವಾಗಿ 2017ರ ಆಗಸ್ಟಿಗೆ ಶೇ 6 ಆಗಿತ್ತು. ಊರಿಗೆಲ್ಲ ಬಡ್ಡಿ ಇಳೀತು, ನನಗೆ ಏರಿತು. ಆರ್‌ಬಿಐ ಇಳಿಸಿದ ತಕ್ಷಣ ಆ ಸಂಸ್ಥೆ ತನ್ನ ದರ ಇಳಿಸಬೇಕು ಅಂತ ನನ್ನ ಕಾಗದದಲ್ಲಿ ಎಲ್ಲೂ ಇರಲಿಲ್ಲ.

2018ರ ಏಪ್ರಿಲ್‌ನಲ್ಲಿ ಒಂದು ಬ್ಯಾಂಕಿಗೆ ಸಾಲ ವರ್ಗ ಮಾಡಿಸಿದೆ, ಶೇ 8.5ರ ಆಸುಪಾಸಿಗೆ. ಮತ್ತೆ ಲೀಗಲ್ಲು, ಮತ್ತೆ ಮನೆ ಮೌಲ್ಯಮಾಪನ, ಮತ್ತೆ ಅಡಮಾನದ ಖರ್ಚು, ಎಲ್ಲ ಸೇರಿ 24 ಸಾವಿರ ಕೈಬಿಡ್ತು. ಅದೇ 18,274 ಕಟ್ಟಿದ್ರೆ ಎಷ್ಟು ಕಂತು ಅಂತ ಕೇಳಿದೆ. ಮ್ಯಾನೇಜರ್ ಮೇಡಂ ಕಂಪ್ಯೂಟರಲ್ಲಿ ಹಾಕಿ, "ನೂರ ಐವತ್ತೊಂದು ಚಿಲ್ಲರೆ" ಅಂದ್ರು. 222 ಎಲ್ಲಿ, 151 ಎಲ್ಲಿ.

ಈಗ ನಿಮ್ಮ ವಿಷಯ. ಫಿಕ್ಸೆಡ್ಡಾ ಫ್ಲೋಟಿಂಗಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಭಯ ಇರೋದು ಸಂಬಳಕ್ಕೆ ಕಂತು ಹೊಂದುತ್ತೋ ಇಲ್ವೋ ಅನ್ನೋದರಲ್ಲಿ. ಲೆಕ್ಕ ಹಾಕಿ ನೋಡಿ: 25 ಲಕ್ಷಕ್ಕೆ ಶೇ 8ರಲ್ಲಿ ಕಂತು 20,911. ಶೇ 9.5ಕ್ಕೆ 23,303. ಫಿಕ್ಸೆಡ್ ಅನ್ನೋ ಹೆಸರಿಗೆ ಮೊದಲ ತಿಂಗಳಿಂದಲೇ 2,392 ಜಾಸ್ತಿ ಕೊಡ್ತೀರಿ. 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರೆಪೊ ಶೇ 4ರಿಂದ 6.5ಕ್ಕೆ ಹಾರಿತ್ತಲ್ಲ, ಅಂಥದ್ದೇ ಎರಡೂವರೆ ಮತ್ತೆ ಏರಿತು ಅನ್ನಿ. ಶೇ 10.5ಕ್ಕೆ ನಿಮ್ಮ ಕಂತು 24,960. ತಿಂಗಳಿಗೆ 25 ಸಾವಿರ ಕಟ್ಟಿದ್ರೆ ಮನೆ ನಡೆಯಲ್ಲ ಅಂತಾದ್ರೆ ಸಾಲವನ್ನ 21–22 ಲಕ್ಷಕ್ಕೆ ಇಳಿಸಿ, ಕೈಯಿಂದ ಹಾಕೋ ದುಡ್ಡು ಸೇರೋವರೆಗೆ ಒಂದು ವರ್ಷ ತಡೀರಿ. ಕಟ್ಟಬಲ್ಲೆ ಅಂತಾದ್ರೆ ಬ್ಯಾಂಕಿನ ರೆಪೊ ಆಧಾರಿತ ಫ್ಲೋಟಿಂಗ್ ತಗೊಂಡು, ಆ 2,392ನ್ನ ಆರ್‌ಡಿಗೆ (ತಿಂಗಳ ಕಂತಿನ ಠೇವಣಿಗೆ) ಹಾಕಿ ವರ್ಷಕ್ಕೊಮ್ಮೆ ಅಸಲಿಗೆ ಕಟ್ಟಿ. ಫ್ಲೋಟಿಂಗಲ್ಲಿ ಅವಧಿಗೆ ಮುಂಚೆ ಕಟ್ಟಿದ್ರೆ ದಂಡ ಹಾಕೋ ಹಾಗಿಲ್ಲ. ಫಿಕ್ಸೆಡ್ಡಲ್ಲಿ ಹಾಕಬಹುದು, ಕೇಳ್ಕೊಳ್ಳಿ.

ನಿವೃತ್ತಿಗೆ ಏಳೆಂಟು ವರ್ಷ ಇರೋರು, ಪೂರ್ತಿ ಅವಧಿಗೂ ಸ್ಥಿರ ಅಂತ ಬರವಣಿಗೆಯಲ್ಲಿ ಸಿಕ್ಕೋರು ಫಿಕ್ಸೆಡ್ ತಗೊಂಡ್ರೆ ನನ್ನ ತಕರಾರಿಲ್ಲ.

ನಮ್ಮ ಕಾಲಕ್ಕಿಂತ ನಿಮಗೆ ಎರಡು ಅನುಕೂಲ ಇದೆ. ಫ್ಲೋಟಿಂಗ್ ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಏರಿಸಬೇಕೋ ಅಂತ ಸಾಲಗಾರನನ್ನ ಕೇಳಬೇಕು ಅಂತ 2023ರಲ್ಲಿ ಆರ್‌ಬಿಐ ಹೇಳಿದೆ. ಕೇಳಿದಾಗ ಕಂತು ಏರಿಸಿ ಅನ್ನಿ, ಅವಧಿ ಎಳೆಯೋಕೆ ಬಿಡಬೇಡಿ. ಎರಡನೇದು, 2024ರ ಅಕ್ಟೋಬರ್‌ನಿಂದ ಹೊಸ ಸಾಲಕ್ಕೆ ಮುಖ್ಯಾಂಶಗಳ ಒಂದು ಪತ್ರವನ್ನ ನಿಮಗೆ ಅರ್ಥವಾಗೋ ಭಾಷೆಯಲ್ಲಿ ಕೊಡಲೇಬೇಕು. ಕೆಎಫ್‌ಎಸ್ ಅಂತಾರೆ. ಕನ್ನಡದಲ್ಲೇ ಬೇಕು ಅಂತ ಪಟ್ಟು ಹಿಡಿದು ಕೂತ್ಕೊಳ್ಳಿ, ಸಂಕೋಚ ಬೇಡ. ಅದರಲ್ಲಿ ದರ ಸ್ಥಿರವೋ, ಬದಲಾಗೋದೋ, ಮಿಶ್ರವೋ ಅಂತ ಬರೆದಿರುತ್ತೆ. ಮಿಶ್ರ ಅಂತಿದ್ರೆ ನನ್ನ ಕಥೆಯೇ ಅದು.

ಆ ಶೇ 9.5ರ ಆಫರ್ ಲೆಟರನ್ನ ಇವತ್ತು ರಾತ್ರಿ ತೆಗೆದು ನೋಡಿ, ಎಷ್ಟು ತಿಂಗಳಿಗೆ ಸ್ಥಿರ ಅನ್ನೋ ಸಾಲು ಎಲ್ಲಿದೆ ಅಂತ. ಸಿಕ್ಕಿದ್ರೆ ಯಾವ ಪುಟ ಅಂತ ಇಲ್ಲೇ ಬರೀರಿ. ನನ್ನ ಹೆಂಡತಿ ಕೇಳ್ತಿದ್ದಾಳೆ.