ಸಂಪಾದಕರ ಉತ್ತರ: ನಮ್ಮ ಬೆಲೆ ಅರಿತರೆ ಅಹಂಕಾರವೇ?

ಪ್ರಿಯ ಸಹೋದರಿಯವರಿಗೆ, ಕ್ರಿಸ್ತನಲ್ಲಿ ವಂದನೆಗಳು.

ಹುಮನಾಬಾದ್ ತಾಲ್ಲೂಕಿನಿಂದ ನೀವು ಬರೆದ ಕಾಗದ ತಲುಪಿತು. ಸುಗ್ಗಿ ಹಬ್ಬದ ಆರಾಧನೆಯಲ್ಲಿ ವಾಕ್ಯ ಓದಲು ಸಭಾಪಾಲಕರು ಕರೆದಾಗ ‘ನಾ ಒಂದು ಹುಳ ಇದ್ದಂಗ, ನನ್ನಿಂದ ಏನ್ ಆಗ್ತದ’ ಎಂದು ಹಿಂದೆ ಸರಿದಿರಿ. ಮಹಿಳಾ ಕೂಟದವರು ಅದನ್ನು ದೀನತೆ ಎಂದು ಮೆಚ್ಚಿದರು, ನಿಮಗೆ ಮಾತ್ರ ಸಮಾಧಾನವಿಲ್ಲ. ದೇವರು ನನ್ನಲ್ಲೂ ಬೆಳಕಿಟ್ಟಿದ್ದಾನೆ ಎಂದುಕೊಂಡರೆ ಅಹಂಕಾರವಾಗುತ್ತದೆಯೇ ಎಂದು ಕೇಳಿದ್ದೀರಿ.

ಖಂಡಿತ ಆಗುವುದಿಲ್ಲ. ‘ಹುಳ’ ಎಂಬ ಮಾತು ಬರುವ ಬೈಬಲಿನ 22ನೇ ಕೀರ್ತನೆಯನ್ನು ಪೂರ್ತಿ ಓದಿ. 6ನೇ ವಚನದಲ್ಲಿ ಹಾಗೆ ಹೇಳುವವನು ಜನರ ತಿರಸ್ಕಾರಕ್ಕೆ ಗುರಿಯಾದವನು. 7ರಲ್ಲಿ ಕಂಡವರೆಲ್ಲ ಅವನನ್ನು ಅಣಕಿಸುತ್ತಾರೆ. 24ಕ್ಕೆ ಬನ್ನಿ: ಕುಗ್ಗಿದವನನ್ನು ದೇವರು ತಳ್ಳಿಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ನಾವು 6ರಲ್ಲೇ ನಿಂತುಬಿಡುತ್ತೇವೆ. ಬೀದರ್ ಸೀಮೆಯ ಎಷ್ಟೋ ಸಭೆಗಳ ಹಿರಿಯರು ಊರಾಚೆಯ ಕೇರಿಗಳಿಂದ ಬಂದವರು. ನೀವು ಮನುಷ್ಯರೇ ಅಲ್ಲ ಎಂಬಂತೆ ಅವರನ್ನು ತಲೆತಲಾಂತರ ನಡೆಸಿಕೊಂಡರು. ಆ ಅವಮಾನವನ್ನೇ ನಾವು ಪ್ರಾರ್ಥನೆಯ ಮಾತಾಗಿ ಹೊತ್ತುಕೊಂಡರೆ ನಮಗೆ ಬಹಳ ನೋವಾಗುತ್ತದೆ. ಲೂಕ 13ರಲ್ಲಿ 18 ವರ್ಷ ಬೆನ್ನು ಬಾಗಿದ್ದ ಹೆಂಗಸನ್ನು ಯೇಸು ಎಲ್ಲರ ಮುಂದೆ ಅಬ್ರಹಾಮನ ಮಗಳು ಎಂದನು. ನೆಟ್ಟಗಾದ ಆಕೆ ಕೊಂಡಾಡಿದ್ದು ದೇವರನ್ನು. ದೀನತೆ ಅಂದರೆ ಅದು.

ಇಷ್ಟೆಲ್ಲ ಗೊತ್ತಿದ್ದರೂ ಮನಸ್ಸಿಗೆ ಹತ್ತುತ್ತಿಲ್ಲ ಎಂದೂ ಬರೆದಿದ್ದೀರಿ. ಮೆಥಡಿಸ್ಟ್ ಸಭೆಯಲ್ಲಿ ಬೆಳೆದ ನೀವು ಆ ಸಭೆಯ ಮೂಲಪುರುಷ ಜಾನ್ ವೆಸ್ಲಿಯವರ ಹೃದಯ ಬೆಚ್ಚಗಾದ 1738ರ ಮೇ 24ರ ಸಂಜೆಯ ಬಗ್ಗೆ ಕೇಳಿರುತ್ತೀರಿ. ಅವರ ದಿನಚರಿಯ ಮುಂದಿನ ಸಾಲುಗಳನ್ನು ಹೇಳುವವರು ಕಡಿಮೆ. ಸ್ವಲ್ಪ ಹೊತ್ತಿಗೇ ‘ಇದು ನಂಬಿಕೆಯಲ್ಲ, ನಿನ್ನ ಸಂತೋಷ ಎಲ್ಲಿ?’ ಎಂಬ ಶಂಕೆ ಅವರನ್ನು ಹಿಡಿಯಿತು. ಉಕ್ಕುವ ಸಂತೋಷವನ್ನು ದೇವರು ಒಮ್ಮೆ ಕೊಡುತ್ತಾನೆ, ಒಮ್ಮೆ ತಡೆಹಿಡಿಯುತ್ತಾನೆ ಎಂದು ಅವರು ಕಲಿತದ್ದು ಆಮೇಲೆ. ಆದ್ದರಿಂದ ಉತ್ಸಾಹ ಬರಲಿ ಎಂದು ಕಾಯಬೇಡಿ.

ಒಂದು ಅಭ್ಯಾಸ ಹೇಳುತ್ತೇವೆ. 16ನೇ ಶತಮಾನದ ಕಥೋಲಿಕ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಈ ಕ್ರಮ ಕಥೋಲಿಕರಲ್ಲಿ ಬಳಕೆಯಲ್ಲಿದೆ, ನಮಗೂ ಒಗ್ಗುತ್ತದೆ. ರಾತ್ರಿ ಹಾಸಿಗೆಗೆ ಹೋಗುವ ಮೊದಲು ಗೋಡೆಗೆ ಬೆನ್ನು ಕೊಟ್ಟು 15 ನಿಮಿಷ ಕೂಡಿ. ಮಲಗಿ ಮಾಡಿದರೆ ನಿದ್ದೆ ಬಂದುಬಿಡುತ್ತದೆ. ಮೊದಲು ಸ್ತೋತ್ರ, ಅದೂ ಆ ದಿನದ ಸಂಗತಿ ಹಿಡಿದು. ‘ಆರೋಗ್ಯ ಕೊಟ್ಟಿದ್ದಕ್ಕೆ’ ಎಂದರೆ ನಾಲಿಗೆ ತಾನೇ ಹೇಳಿಬಿಡುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ‘ಅಂಗನವಾಡಿಯಲ್ಲಿ ರಚ್ಚೆ ಹಿಡಿದ ಮಗು ನನ್ನ ಮಡಿಲಲ್ಲಿ ಸುಮ್ಮನಾಯಿತು’ ಎನ್ನಿ. ದೇವರು ನಿಮ್ಮ ಕೈಯಿಂದ ಮಾಡಿಸಿದ್ದು ಕಣ್ಣಿಗೆ ಬೀಳುತ್ತದೆ. ಆಮೇಲೆ ಪವಿತ್ರಾತ್ಮನ ಬೆಳಕು ಬೇಡಿ, ಬೆಳಗಿನಿಂದ ಸಂಜೆಯವರೆಗಿನದನ್ನು ನೆನೆಯಿರಿ, ತಪ್ಪಿಗೆ ಕ್ಷಮೆ ಕೇಳಿ, ನಾಳೆಯ ಒಂದು ಕೆಲಸ ಗೊತ್ತುಮಾಡಿಕೊಳ್ಳಿ.

ಕೆಡುವುದು ಸಾಮಾನ್ಯವಾಗಿ ಕ್ಷಮೆ ಕೇಳುವಾಗ. ತನ್ನನ್ನು ತಾನು ಬೈದುಕೊಳ್ಳುವುದೇ ಭಕ್ತಿ ಅನ್ನಿಸಿ 15 ನಿಮಿಷವೂ ಅದರಲ್ಲೇ ಹೋಗುತ್ತದೆ. ಅದಕ್ಕೆ ದಿನಕ್ಕೆ ಒಂದೇ ತಪ್ಪು ತೆಗೆದುಕೊಳ್ಳಿ. ‘ಮಧ್ಯಾಹ್ನ ಅತ್ತೆಗೆ ಎದುರು ಮಾತಾಡಿದೆ’ ಎಂದು ಮನಸ್ಸಿಗೆ ತೋರಿದರೆ ಅದು ಪವಿತ್ರಾತ್ಮನ ಎಚ್ಚರಿಕೆ. ಮರುದಿನ ಹೋಗಿ ಅವರ ಹತ್ತಿರ ಸರಿಪಡಿಸಿಕೊಳ್ಳಬಹುದು. ‘ನೀನು ಯಾವತ್ತೂ ಹೀಗೇ, ಉಪಯೋಗಕ್ಕೆ ಬಾರದವಳು’ ಎಂಬ ದನಿಯಲ್ಲಿ ತಿದ್ದಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ, ಅದಕ್ಕೆ ಕಿವಿಗೊಡಬೇಡಿ.

ಎರಡು ವಾರ ಮೀರಿ ನಿದ್ದೆ, ಊಟ ಸೇರದಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಬದುಕೇ ಬೇಡ ಅನ್ನಿಸಿದರೆ, ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ಇನ್ನು ವಾಕ್ಯ ಓದುವ ಮಾತು. ಮುಂದಿನ ಸಾರಿ ಕರೆದರೆ ಒಪ್ಪಿಕೊಳ್ಳಿ. ಯಾವ ಭಾಗ ಎಂದು ಎರಡು ದಿನ ಮೊದಲೇ ಕೇಳಿಕೊಂಡು, ಮನೆಯಲ್ಲಿ ಮೂರು ಸಾರಿ ಗಟ್ಟಿಯಾಗಿ ಓದಿ. ತೊಡಕಿನ ಹೆಸರುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ. ‘ನಾನು ಅಯೋಗ್ಯಳು’ ಎಂಬ ಪೀಠಿಕೆ ಬೇಡ. ಅಧ್ಯಾಯ, ವಚನ ಹೇಳಿ, ಜನ ಪುಟ ತೆರೆಯುವಷ್ಟು ಹೊತ್ತು ಬಿಟ್ಟು ಓದಲು ಶುರುಮಾಡಿ.

— ಸಂಪಾದಕರು