ಅಜ್ಜನಿಗೆ ಚಾಕೊಲೇಟ್ ಇಷ್ಟವಾಗುತ್ತಿತ್ತು

ಮಾನ್ಯ ಸಂಪಾದಕರೇ,
ಪ್ರೌಢಶಾಲೆಯ ಮಕ್ಕಳಿಗೆ ಮಧ್ಯಮ ಹಂತದ ಸ್ಪ್ಯಾನಿಷ್ ಕಲಿಸುತ್ತಿದ್ದೇನೆ. ವಾರಕ್ಕೆ ನಾಲ್ಕು ಪಿರಿಯಡ್, ಅದರಲ್ಲಿ ಶುಕ್ರವಾರದ್ದು ‘ಸಂಸ್ಕೃತಿ’ಗೆ ಮೀಸಲು. ಮಕ್ಕಳು ಹಬ್ಬದ ಚಿತ್ರ ಬರೆದು ಬಣ್ಣ ತುಂಬಿ ಖುಷಿಪಡುತ್ತಾರೆ. ಸೋಮವಾರ ಬಂದರೆ ಎರಡು ಭೂತಕಾಲಗಳು ಮತ್ತೆ ಕಲಸುಮೇಲೋಗರ. ಮೊನ್ನೆ ಒಬ್ಬ ಹುಡುಗ ‘ಆಗಿಹೋದದ್ದು ಆಗಿಹೋಯಿತು, ಅದಕ್ಕೆ ಎರಡು ಕಾಲ ಯಾಕೆ?’ ಎಂದು ಕೇಳಿದ. ‘ನಿಯಮ ಹಾಗಿದೆ’ ಎಂದು ಹೇಳಿ ಮುಂದಕ್ಕೆ ಹೋದೆ. ವ್ಯಾಕರಣ ಗಟ್ಟಿಯಾಗುವವರೆಗೆ ಶುಕ್ರವಾರದ ಸಂಸ್ಕೃತಿಯನ್ನು ನಿಲ್ಲಿಸಿಬಿಡಲೇ?
— ಹೆಸರು ಬೇಡವೆಂದು ಕೋರಿರುವ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಅತ್ಯಂತ ಬೆಲೆಬಾಳುವ ಸಾಲು ನಿಮ್ಮದಲ್ಲ, ಆ ಹುಡುಗನದು. ಅಂಥ ಪ್ರಶ್ನೆ ಕೇಳುವ ಧೈರ್ಯ ಮಕ್ಕಳಿಗೆ ಬರುವುದು ಒಳ್ಳೆಯ ಶಿಕ್ಷಕರ ತರಗತಿಯಲ್ಲಿ ಮಾತ್ರ, ಆದ್ದರಿಂದ ಮೊದಲ ಅಭಿನಂದನೆ ನಿಮಗೇ ಸಲ್ಲಬೇಕು. ‘ನಿಯಮ ಹಾಗಿದೆ’ ಎಂದು ಹೇಳಿ ನೀವು ಮುಂದಕ್ಕೆ ಹೋದದ್ದಕ್ಕೆ ಮಾತ್ರ ಸ್ವಲ್ಪ ಮುನಿಸಿದೆ.

ನಿಮ್ಮ ಕಡೆಯ ನ್ಯಾಯವನ್ನು ಮೊದಲು ಒಪ್ಪಿಬಿಡುತ್ತೇನೆ. ಬಾಯಿಪಾಠವಿಲ್ಲದೆ ಕ್ರಿಯಾಪದ ಬರುವುದಿಲ್ಲ. ನಿಮ್ಮ ಎರಡು ಭೂತಕಾಲಗಳಲ್ಲಿ ಇಂಪರ್ಫೆಕ್ತೊ, ಅಂದರೆ ನಡೆಯುತ್ತಿದ್ದುದನ್ನು ಹೇಳುವ ರೂಪ, ಸಾಧು ಪ್ರಾಣಿ. ಅದರಲ್ಲಿ ನಿಯಮದ ದಾರಿ ತಪ್ಪುವ ಕ್ರಿಯಾಪದಗಳು ಸೆರ್ (ಇರು), ಇರ್ (ಹೋಗು), ವೇರ್ (ನೋಡು) ಎಂಬ ಮೂರೇ ಮೂರು. ನಡೆದು ಮುಗಿದದ್ದನ್ನು ಹೇಳುವ ಪ್ರೆತೇರಿತೊ ಹಾಗಲ್ಲ: ತೂವೆ, ಪೂದೆ, ಪೂಸೆ, ಈಸೆ, ದೀಹೆ ಎಂದು ತಂಡವೇ ಇದೆ, ಸಾಲದ್ದಕ್ಕೆ ‘ಇರು’ ಮತ್ತು ‘ಹೋಗು’ ಎರಡಕ್ಕೂ ಫುಯಿ ಎಂಬ ಒಂದೇ ರೂಪ. ಇವನ್ನು ಉರು ಹೊಡೆಯಲೇಬೇಕು. ಅಷ್ಟು ಹೇಳಿ ನಾನು ಆ ಪಕ್ಷದಿಂದ ಎದ್ದು ಬರುತ್ತೇನೆ.

ಹುಡುಗನ ಪ್ರಶ್ನೆಗೆ ಉತ್ತರ ಅವನ ಬಾಯಲ್ಲೇ ಇತ್ತು. ‘ಲೊ ಸಾಬಿಯಾ’ ಎಂದರೆ ನನಗೆ ಗೊತ್ತಿತ್ತು. ‘ಲೊ ಸುಪೆ’ ಎಂದರೆ ನನಗೆ ಗೊತ್ತಾಯಿತು. ಮೊದಲನೆಯದು ಇಂಪರ್ಫೆಕ್ತೊ, ಎರಡನೆಯದು ಪ್ರೆತೇರಿತೊ. ‘ಲಾ ಕೊನೊಸಿಯಾ’, ಆಕೆಯ ಪರಿಚಯವಿತ್ತು. ‘ಲಾ ಕೊನೊಸಿ’, ಆಕೆಯ ಪರಿಚಯವಾಯಿತು. ಕನ್ನಡ ಮಾತನಾಡುವ ಮಗು ಚಿಕ್ಕಂದಿನಿಂದಲೂ ಈ ವ್ಯತ್ಯಾಸವನ್ನು ತಪ್ಪಿಲ್ಲದೆ ಮಾಡುತ್ತಿರುತ್ತದೆ. ಆದರೆ ನಮ್ಮ ಕೈಗೆ ಬರುವ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ರತ್ಯೇಕ ಚೌಕ ಹಾಕಿ ‘ಪ್ರೆತೇರಿತೊದಲ್ಲಿ ಅರ್ಥ ಬದಲಾಯಿಸುವ ಕ್ರಿಯಾಪದಗಳು’ ಎಂಬ ಭಯಂಕರ ತಲೆಬರಹ ಕೊಟ್ಟಿರುತ್ತಾರೆ. ಅರ್ಥ ಎಲ್ಲಿಯೂ ಬದಲಾಗಿಲ್ಲ. ಒಂದು ಸ್ಥಿತಿ ಮುಂದುವರಿಯುತ್ತಿತ್ತು ಎಂದು ಒಂದು ರೂಪ ಹೇಳುತ್ತದೆ, ಆ ಸ್ಥಿತಿ ಶುರುವಾದ ಗಳಿಗೆಯನ್ನು ಇನ್ನೊಂದು ಹಿಡಿಯುತ್ತದೆ. ಬದಲಾಗಬೇಕಾಗಿ ಬಂದದ್ದು ಇಂಗ್ಲಿಷಿನ ಕ್ರಿಯಾಪದ, ಏಕೆಂದರೆ ಆ ಪುಸ್ತಕ ಇಂಗ್ಲಿಷ್ ಮಗುವಿಗಾಗಿ ಬರೆದದ್ದು.

ಈ ವಿಷಯದಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಪತ್ರಿಕೆ ಸ್ಪ್ಯಾನಿಷಿನ ಒಂದು ಸಣ್ಣ ಕಥೆಯ ಅನುವಾದವನ್ನು ಪ್ರಕಟಿಸಿತು. ಮೂಲದಲ್ಲಿ ‘ನೊ ಕೀಸೊ ಅಬ್ಲಾರ್’ ಎಂದಿದ್ದ ಕಡೆ ‘ಅವಳಿಗೆ ಮಾತನಾಡಲು ಇಷ್ಟವಿರಲಿಲ್ಲ’ ಎಂದು ಅಚ್ಚಾಯಿತು. ಕರಡು ನೋಡಿದವನು ನಾನೇ. ಅದು ‘ನೊ ಕೆರಿಯಾ’ ಆಗಿದ್ದರೆ ಸರಿಯಾಗುತ್ತಿತ್ತು. ‘ನೊ ಕೀಸೊ’ ಎಂದರೆ ಮಾತನಾಡಲು ಒಪ್ಪಲಿಲ್ಲ, ಒಲ್ಲೆನೆಂದಳು. ಇಡೀ ಕಥೆ ಆ ಒಲ್ಲೆನೆಂಬ ಗಳಿಗೆಯ ಮೇಲೆ ನಿಂತಿತ್ತು; ನಮ್ಮ ಅನುವಾದದಲ್ಲಿ ಆ ಹೆಂಗಸು ಸುಮ್ಮನೆ ಬೇಸರದಲ್ಲಿ ಕುಳಿತಂತೆ ಕಂಡಳು. ಇದನ್ನು ವ್ಯಾಕರಣದ ತಪ್ಪು ಎನ್ನುತ್ತೀರೋ, ಒಬ್ಬ ಮನುಷ್ಯಳನ್ನು ಅರ್ಥಮಾಡಿಕೊಳ್ಳದ ತಪ್ಪು ಎನ್ನುತ್ತೀರೋ?

ಈಗ ನಿಮ್ಮ ಶುಕ್ರವಾರಕ್ಕೆ ಬರೋಣ. ಅದನ್ನು ನಿಲ್ಲಿಸಬೇಡಿ, ಆದರೆ ಈಗ ನಡೆಯುತ್ತಿರುವಂತೆಯೂ ನಡೆಸಬೇಡಿ. ಮೆಕ್ಸಿಕೋದ ‘ದಿಯಾ ದೆ ಮುಎರ್ತೋಸ್’, ಮೃತರ ದಿನವನ್ನೇ ನೋಡಿ. ನವೆಂಬರ್ 1 ಮತ್ತು 2ರಂದು ನಡೆಯುವ ಈ ಆಚರಣೆ 2008ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ತರಗತಿಗಳಲ್ಲಿ ಇದು ತಲೆಬುರುಡೆಗೆ ಬಣ್ಣ ಹಚ್ಚುವ ಕೆಲಸವಾಗಿ ಮುಗಿದುಹೋಗುತ್ತದೆ. ಆದರೆ ಮನೆಗಳಲ್ಲಿ ಕಟ್ಟುವ ‘ಒಫ್ರೆಂದ’ ಎಂಬ ವೇದಿಕೆಯ ಮೇಲೆ ಏನಿರುತ್ತದೆ? ಸತ್ತವರ ಭಾವಚಿತ್ರ, ಚೆಂಡುಹೂ, ಮೋಂಬತ್ತಿ, ಮತ್ತು ಬದುಕಿದ್ದಾಗ ಅವರಿಗೆ ಇಷ್ಟವಾಗುತ್ತಿದ್ದ ತಿನಿಸು, ಪಾನೀಯ, ವಸ್ತುಗಳು. ‘ಇಷ್ಟವಾಗುತ್ತಿದ್ದ’ ಎಂದೆನಲ್ಲ, ಅಲ್ಲೇ ನಿಮ್ಮ ಇಂಪರ್ಫೆಕ್ತೊ ಕುಳಿತಿದೆ. ‘ಆ ಮಿ ಅಬುಎಲೊ ಲೆ ಗುಸ್ತಾಬಾ ಎಲ್ ಚೊಕೊಲಾತೆ’: ನನ್ನ ಅಜ್ಜನಿಗೆ ಚಾಕೊಲೇಟ್ ಇಷ್ಟವಾಗುತ್ತಿತ್ತು. ಹಾಡುತ್ತಿದ್ದರು, ಬೈಯುತ್ತಿದ್ದರು, ಬಾಗಿಲಲ್ಲಿ ಕಾಯುತ್ತಿದ್ದರು, ಎಲ್ಲವೂ ಇಂಪರ್ಫೆಕ್ತೊ. ಕೊನೆಗೆ ಒಂದೇ ಒಂದು ಪ್ರೆತೇರಿತೊ: ‘ಮುರಿಯೊ’, ತೀರಿಕೊಂಡರು. ಆಗಿಹೋದದ್ದಕ್ಕೆ ಎರಡು ಕಾಲ ಯಾಕೆ ಎಂದು ಕೇಳಿದ ಹುಡುಗನನ್ನು ಆ ವೇದಿಕೆಯ ಮುಂದೆ ನಿಲ್ಲಿಸಿ. ಹಬ್ಬವನ್ನು ಬಿಟ್ಟು ಈ ವ್ಯಾಕರಣ ಕಲಿಸುವುದು ಕಷ್ಟ, ಈ ವ್ಯಾಕರಣವನ್ನು ಬಿಟ್ಟು ಆ ಹಬ್ಬ ಕಲಿಸುವುದು ಇನ್ನೂ ಕಷ್ಟ. ಅಂದಹಾಗೆ ಅಲ್ಲಿಯ ಚೆಂಡುಹೂವಿನ ಹೆಸರು ‘ಸೆಂಪಾಸೂಚಿಲ್’; ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಅದರ ಮೂಲಾರ್ಥ ‘ಇಪ್ಪತ್ತು ಹೂ’. ಚಾಕೊಲೇಟ್ ಎಂಬ ಮಾತೂ ಸ್ಪ್ಯಾನಿಷಿಗೆ ಬಂದದ್ದು ಆ ಕಡೆಯಿಂದಲೇ.

ಪ್ರತಿಯಾಗಿ, ವರ್ಷಾವರ್ಷ ತರಗತಿಗಳಲ್ಲಿ ಮೇ 5ನ್ನು ‘ಮೆಕ್ಸಿಕೋದ ಸ್ವಾತಂತ್ರ್ಯ ದಿನ’ ಎಂದು ಹೇಳಿಕೊಡುವುದನ್ನು ಕಂಡಿದ್ದೇನೆ. ಅದು 1862ರಲ್ಲಿ ಪುಎಬ್ಲಾದಲ್ಲಿ ಫ್ರೆಂಚ್ ಸೇನೆಯನ್ನು ಸೋಲಿಸಿದ ದಿನ. ಸ್ವಾತಂತ್ರ್ಯದ ಆಚರಣೆ ಸೆಪ್ಟೆಂಬರ್ 16ರಂದು. ಸಂಸ್ಕೃತಿಯನ್ನು ಮಿಠಾಯಿಯಂತೆ ಹಂಚಿದರೆ ತಾರೀಕು ನೋಡುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ.

ಗೌರವದ ಮಾತು ಇನ್ನೂ ಸ್ವಾರಸ್ಯದ್ದು. ‘ತೂ’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು ಎಂದು ಹೇಳಿದೊಡನೆ ನಮ್ಮ ಮಕ್ಕಳು ತಲೆಯಾಡಿಸುತ್ತಾರೆ, ಇಂಗ್ಲಿಷ್ ಮಕ್ಕಳಂತೆ ಕಣ್ಣು ಬಿಡುವುದಿಲ್ಲ. ಆದರೆ ಅವರು ಎಡವುವುದೂ ಇಲ್ಲೇ. ಸ್ಪೇನಿನ ಅನೇಕ ತರಗತಿಗಳಲ್ಲಿ ವಿದ್ಯಾರ್ಥಿ ಶಿಕ್ಷಕರಿಗೇ ‘ತೂ’ ಎನ್ನುತ್ತಾನೆ, ಅದರಲ್ಲಿ ಉದ್ಧಟತನವಿಲ್ಲ. ಕೊಲಂಬಿಯಾದ ಬೊಗೊತಾ ಸುತ್ತಮುತ್ತ ಗೆಳೆಯರೂ ಮನೆಮಂದಿಯೂ ಪರಸ್ಪರ ‘ಉಸ್ತೆದ್’ ಎನ್ನುವುದುಂಟು, ಅದರಲ್ಲಿ ದೂರವಿಲ್ಲ. ಪಕ್ಕದ ಬೊಯಾಕಾದಲ್ಲಿ ‘ಸುಮೆರ್ಸೆ’ ಎಂಬ ಇನ್ನೂ ಅಕ್ಕರೆಯ ಮಾತಿದೆ. ಅರ್ಜೆಂಟೀನಾದಲ್ಲಿ ‘ತೂ’ ಬದಲು ‘ವೋಸ್’, ಕ್ರಿಯಾಪದದ ರೂಪವೂ ಬೇರೆ: ‘ತೂ ತಿಯೆನೆಸ್’ ಅಲ್ಲ, ‘ವೋಸ್ ತೆನೇಸ್’. ಕೋಟಿಗಟ್ಟಲೆ ಜನ ದಿನಬೆಳಗಾದರೆ ಆಡುವ ಈ ಸರ್ವನಾಮ ಪಠ್ಯದಲ್ಲಿ ಒಂದು ಅಡಿಟಿಪ್ಪಣಿ. ‘ಉಸ್ತೆದ್’ ಹುಟ್ಟಿದ್ದು ‘ವುಎಸ್ತ್ರ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’ ಎಂಬ ಸಂಬೋಧನೆಯಿಂದ. ಅದಕ್ಕೇ ಇಂದಿಗೂ ಅದರ ಜೊತೆ ಪ್ರಥಮ ಪುರುಷದ, ಅಂದರೆ ‘ಅವನು, ಅವಳು’ಗಳ ಕ್ರಿಯಾಪದ ಬರುತ್ತದೆ. ಮಕ್ಕಳಿಗೆ ಇದೊಂದನ್ನು ಹೇಳಿದರೆ ಕೋಷ್ಟಕದ ಒಂದು ಸಾಲು ತಾನಾಗಿ ಅರ್ಥವಾಗುತ್ತದೆ. ಇದು ವ್ಯಾಕರಣದ ಪಿರಿಯಡ್ಡೋ, ಶುಕ್ರವಾರದ ಪಿರಿಯಡ್ಡೋ, ನೀವೇ ಹೇಳಿ.

ನನ್ನ ಹಳೆಯ ಸಂಕಟ ಬೇರೆಯದೇ ಇದೆ. ನಾವು ಸ್ಪ್ಯಾನಿಷಿಗೆ ಹೋಗುವುದೆಲ್ಲ ಇಂಗ್ಲಿಷಿನ ಹೆಬ್ಬಾಗಿಲಿನಿಂದ, ಮಗ್ಗುಲಲ್ಲೇ ನಮ್ಮ ಮನೆಯ ಹಿತ್ತಿಲ ಬಾಗಿಲು ತೆರೆದಿದ್ದರೂ. ‘ಮೆ ಗುಸ್ತಾ’, ಅಂದರೆ ‘ನನಗೆ ಹಿಡಿಸುತ್ತದೆ’ ಎಂಬ ರಚನೆಗೆ ಪುಸ್ತಕಗಳು ಪುಟಗಟ್ಟಲೆ ಎಚ್ಚರಿಕೆ ಕೊಡುತ್ತವೆ: ಕರ್ತೃ ತಿರುಗಿ ನಿಂತಿದೆ, ಜೋಕೆ ಎಂದು. ಕನ್ನಡದಲ್ಲಿ ‘ಪುಸ್ತಕ ನನಗೆ ಹಿಡಿಸುತ್ತದೆ, ಪುಸ್ತಕಗಳು ನನಗೆ ಹಿಡಿಸುತ್ತವೆ’ ಎನ್ನುವವನಿಗೆ ‘ಗುಸ್ತಾ, ಗುಸ್ತಾನ್’ ಎಂಬುದರಲ್ಲಿ ತಿರುಗಿ ನಿಂತದ್ದು ಯಾವುದು? ನಾನು ಕಲಿಯುತ್ತಿದ್ದಾಗ ನಮ್ಮ ಗುರುಗಳ ಕೈಯಿಂದ ಸೀಮೆಸುಣ್ಣ ಜಾರಿತು. ‘ಸೆ ಮೆ ಕಾಯೊ’ ಎಂದು ನಕ್ಕರು. ನಾನು ಬೀಳಿಸಿದೆ ಎನ್ನಲಿಲ್ಲ, ನನ್ನಿಂದ ಬಿದ್ದುಹೋಯಿತು ಎಂದರು. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ವಿವರಿಸಲು ಅವರು ಅರ್ಧ ಗಂಟೆ ಹೆಣಗಾಡಿದರು. ‘ಮರೆತುಹೋಯಿತು’ ಎಂದು ನಿತ್ಯ ನೆಪ ಹೇಳುವ ನಾವು ಇಪ್ಪತ್ತು ಮಂದಿ ಎದುರಿಗೇ ಕುಳಿತಿದ್ದೆವು, ನಮ್ಮನ್ನು ಯಾರೂ ಕೇಳಲಿಲ್ಲ. ಸ್ಪ್ಯಾನಿಷಿನಲ್ಲಿ ಮೇಜು ಯಾಕೆ ಹೆಣ್ಣು ಎಂಬುದಕ್ಕೆ ಕನ್ನಡ ನೆರವಾಗದು, ಅದನ್ನು ಒಪ್ಪುತ್ತೇನೆ. ಆದರೆ ನೆರವಾಗುವ ಕಡೆಯೂ ಅದನ್ನು ತರಗತಿಯ ಹೊರಗೆ ನಿಲ್ಲಿಸುವುದು ಯಾವ ಶಿಸ್ತು? ಪರೀಕ್ಷೆಯ ಬಿಟ್ಟ ಸ್ಥಳ ತುಂಬಲು ಅನುಕೂಲವಾಗುತ್ತದೆ ಎಂಬುದೊಂದೇ ಕಾರಣವಾದರೆ, ಆ ಅನುಕೂಲ ಮೌಲ್ಯಮಾಪಕರದು, ಮಕ್ಕಳದಲ್ಲ.

ಇನ್ನು ನೀವು ಕೇಳಿದ ವ್ಯಾವಹಾರಿಕ ವಿಷಯ. ಹಬ್ಬಗಳ ಪಟ್ಟಿಯನ್ನು ಕಡಿಮೆ ಮಾಡಿ. ವರ್ಷಕ್ಕೆ ಮೂರೋ ನಾಲ್ಕೋ ಸಾಕು. ಪ್ರತಿಯೊಂದಕ್ಕೂ ಒಂದು ವ್ಯಾಕರಣ ರೂಪವನ್ನು ಜೋಡಿಸಿ, ಒಂದೇ ಶುಕ್ರವಾರದ ಬದಲು ಎರಡು ವಾರ ಪೂರ್ತಿ ಅದರಲ್ಲೇ ಇರಿ. ಸುಬ್‌ಹುಂತೀವೊ, ಅಂದರೆ ಹಾರೈಕೆ, ಸಂದೇಹಗಳನ್ನು ಹೇಳುವ ಕ್ರಿಯಾರೂಪ, ಬಂದಾಗ ‘ಓಹಲಾ’ದಿಂದ ಆರಂಭಿಸಿ. ಅರಬ್ಬರು ಇಂದಿನ ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯಾಕ್ಕೆ ಬಂದ 711ರಿಂದ ಅಲ್ಲಿಯ ಕೊನೆಯ ಮುಸ್ಲಿಂ ರಾಜ್ಯ ಗ್ರನಾದಾ ಬಿದ್ದ 1492ರವರೆಗಿನ ಒಡನಾಟ ಉಳಿಸಿಹೋದ ಮಾತು ಅದು; ‘ದೇವರು ಬಯಸಿದರೆ’ ಎಂಬುದು ಅದರ ಮೂಲ. ‘ಓಹಲಾ ಯುಎವಾ’ ಎಂದರೆ ಮಳೆ ಬರಲಿ. ನಮ್ಮ ‘ಬರಲಿ’ ಎಂಬ ರೂಪ ಆ ‘ಯುಎವಾ’ಕ್ಕೆ ಹತ್ತಿರದ ನೆಂಟ.

ಆ ಹುಡುಗನಿಗೆ ಮಾತ್ರ ಈ ಸೋಮವಾರವೇ ಉತ್ತರ ಹೇಳಿ. ತಾನು ಕಳೆದುಕೊಂಡ ಒಬ್ಬರ ಬಗ್ಗೆ, ಅಜ್ಜನೋ ಅಜ್ಜಿಯೋ ಸಾಕಿದ ನಾಯಿಯೋ, ಸ್ಪ್ಯಾನಿಷಿನಲ್ಲಿ ಆರು ವಾಕ್ಯ ಬರೆಯಲು ಕೇಳಿ. ಐದು ಇಂಪರ್ಫೆಕ್ತೊದಲ್ಲಿ, ಒಂದು ಪ್ರೆತೇರಿತೊದಲ್ಲಿ. ಅವನು ಒಪ್ಪಿದರೆ ನಮಗೂ ಕಳುಹಿಸಿ. ಕನ್ನಡ ಅನುವಾದದೊಂದಿಗೆ ಪ್ರಕಟಿಸುತ್ತೇವೆ, ಈ ಸಲ ಕರಡನ್ನು ಬೇರೆಯವರಿಂದ ನೋಡಿಸುತ್ತೇನೆ.