ಆರಿದ ಮೇಲೆ ಬಡಿಸುವ ಸೇಡು

ಪ್ರಶ್ನೆ: ನಮ್ಮ ಭಾಗದ ಸಕ್ಕರೆ ಕಾರ್ಖಾನೆಯೊಂದರ ಚುನಾವಣೆಯ ಫಲಿತಾಂಶ ಬಂದ ಮರುದಿನ ಇಂಗ್ಲಿಷ್ ಪತ್ರಿಕೆಯಲ್ಲಿ ‘ರಿವೆಂಜ್ ಈಸ್ ಎ ಡಿಶ್ ಬೆಸ್ಟ್ ಸರ್ವ್ಡ್ ಕೋಲ್ಡ್’ ಎಂಬ ಮಾತನ್ನು ಓದಿದೆ. ಸಿಟ್ಟು ತಣ್ಣಗಾದ ಮೇಲೆ ಸೇಡನ್ನು ಮರೆತುಬಿಡಬೇಕು ಎಂದು ಇದರ ಅರ್ಥವೆ? ಇದನ್ನು ಎಲ್ಲಿ ಬಳಸಬಹುದು?
— ಓದುಗರೊಬ್ಬರು, ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಸೇಡು ಆರಿದ ಮೇಲೆ ಬಡಿಸಿದರೇ ಚೆನ್ನಾಗಿರುವ ಅಡುಗೆ ಎಂಬುದು ಈ ಮಾತಿನ ಪದಶಃ ಅರ್ಥ. ಆದರೆ ಅದರ ತಾತ್ಪರ್ಯ ನೀವು ಕೇಳಿದ್ದಕ್ಕೆ ಬಹುಮಟ್ಟಿಗೆ ವಿರುದ್ಧವಾಗಿದೆ. ಇಲ್ಲಿ ಹಗೆ ಆರುವುದಿಲ್ಲ, ಹಗೆ ಸಾಧಿಸುವವನ ತಲೆ ತಣ್ಣಗಿರುತ್ತದೆ. ಅವಮಾನವಾದ ಗಳಿಗೆಯಲ್ಲೇ ಕೈ ಎತ್ತದೆ, ಎದುರಾಳಿ ಅದನ್ನೆಲ್ಲ ಮರೆತು ನಿಶ್ಚಿಂತನಾಗಿರುವಾಗ ಲೆಕ್ಕ ಹಾಕಿ ಏಟು ಕೊಟ್ಟರೆ ಆ ಸೇಡಿನ ರುಚಿಯೇ ಬೇರೆ ಎಂಬುದು ತಾತ್ಪರ್ಯ. ಒಲೆಯ ಮುಂದೆ ಕುಳಿತು ಬಿಸಿರೊಟ್ಟಿ ಉಣ್ಣುವ ನಮಗೆ ಆರಿದ ಅಡುಗೆ ಎಂದರೆ ರುಚಿಗೆಟ್ಟದ್ದು ಎನಿಸುವುದು ಸಹಜ. ಆದರೆ ಇದು ಕಡಕ್ ರೊಟ್ಟಿಯಂತೆ ಆರಿಸಿಟ್ಟು, ಬೇಕಾದಾಗ ತೆಗೆಯುವ ಪದಾರ್ಥ.

ಮಾತು ಫ್ರೆಂಚ್ ಕಡೆಯಿಂದ ಬಂದಂತಿದೆ. ಯೂಜೀನ್ ಸೂ ಬರೆದ 1841ರ ‘ಮಥಿಲ್ಡ್’ ಕಾದಂಬರಿಯಲ್ಲಿ ಸೇಡನ್ನು ತಣ್ಣಗೆ ತಿಂದರೂ ಬಲು ಚೆನ್ನ ಎಂಬ ಮಾತು, ಜನ ಆಡುವ ಮಾತೆಂಬ ಒಕ್ಕಣೆಯೊಂದಿಗೇ ಬರುತ್ತದೆ; 1846ರಲ್ಲಿ ಅದು ಇಂಗ್ಲಿಷಿಗೆ ಅನುವಾದವಾಯಿತು. ಇನ್ನೊಬ್ಬ ಫ್ರೆಂಚ್ ಲೇಖಕ ಲಾಕ್ಲೋನ 1782ರ ಕಾದಂಬರಿಗೆ ಇದನ್ನು ಗಂಟುಹಾಕುವವರಿದ್ದಾರೆ, ಅಲ್ಲಿ ಈ ಮಾತಿಲ್ಲ.

ಬಳಸುವಾಗ ಕಾಲದ ಅಂತರವೂ ಸಂಯಮವೂ ಇರಬೇಕು. ತನ್ನನ್ನು ಹುದ್ದೆಯಿಂದ ಇಳಿಸಿದವರೊಂದಿಗೆ ನಗುನಗುತ್ತ ಚಹಾ ಕುಡಿಯುತ್ತಲೇ, ಊರೂರು ತಿರುಗಿ ಶೇರುದಾರರನ್ನು ಒಬ್ಬೊಬ್ಬರನ್ನಾಗಿ ಒಲಿಸಿಕೊಂಡು, ಐದು ವರ್ಷಗಳ ನಂತರದ ಚುನಾವಣೆಯಲ್ಲಿ ಅವರ ಇಡೀ ಪೆನಲ್ಲನ್ನೇ ಮಲಗಿಸಿದ ನಿರ್ದೇಶಕನಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಸಭೆಯಲ್ಲೇ ಬೈಗುಳಕ್ಕೆ ಬೈಗುಳ ಕೊಟ್ಟವನಿಗೆ ಒಪ್ಪದು; ಅದಕ್ಕೆ ‘ಟಿಟ್ ಫಾರ್ ಟ್ಯಾಟ್’ ಸಾಕು. ಪತ್ರಿಕೆಗಳ ತಲೆಬರಹದಲ್ಲಿ ‘ಸರ್ವ್ಡ್ ಕೋಲ್ಡ್’ ಎಂಬ ಬಾಲವಷ್ಟೇ ಕಾಣಿಸುವುದೂ ಉಂಟು.

ನಮ್ಮಲ್ಲಿ ‘ಹಾವಿನ ದ್ವೇಷ ಹನ್ನೆರಡು ವರುಷ’ ಎಂಬ ಗಾದೆ ಹತ್ತಿರ ಬರುತ್ತದೆಯಾದರೂ, ಅದು ಹಗೆಯ ಬಾಳಿಕೆಯನ್ನು ಹೇಳುತ್ತದೆಯೇ ಹೊರತು ಅದರ ಹಿಂದಿನ ಲೆಕ್ಕಾಚಾರವನ್ನಲ್ಲ. ಹದಿಮೂರು ವರ್ಷ ಕಾದರೂ ಭೀಮನಿಗೆ ಇಂಗ್ಲಿಷಿನ ಈ ಮಾತು ಸಲ್ಲದು, ಏಕೆಂದರೆ ಅವನು ಅಷ್ಟು ಕಾಲವೂ ಕುದಿಯುತ್ತಲೇ ಇದ್ದ. ತಂದೆಯ ಎಲುಬಿನಿಂದ ದಾಳ ಮಾಡಿಕೊಂಡು, ಕೌರವರ ಮನೆಯಲ್ಲೇ ಉಂಡು ಅವರ ವಂಶ ಅಳಿಸಿದನೆಂದು ಜನಪದರು ಕತೆ ಹೇಳುವ ಶಕುನಿಗೆ ಧಾರಾಳವಾಗಿ ಸಲ್ಲುತ್ತದೆ. ಕನ್ನಡದಲ್ಲಿ ಬರೆಯುವಾಗ ಅಡುಗೆಯ ಮಾತನ್ನು ಎಳೆದು ತರಬೇಕಿಲ್ಲ; ‘ಹೊತ್ತು ಕಾದು ಸೇಡು ತೀರಿಸಿಕೊಂಡ’ ಎಂದರೆ ಸಾಕು.